ವೈಪಿ ಇಂಜಿನ್ ಮಾದರಿ: ವಿವರ ಎಲ್ಲ ಇದೆ, ಆದರೂ ಏನೋ ಸರಿಯಿಲ್ಲ. ಹೇಗೆ ಪರೀಕ್ಷೆ ಮಾಡೋದು?

ಬೀರೂರು ಪ್ಯಾಸೆಂಜರ್ (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ಕಾಲದಲ್ಲಿ ಫೈರ್‌ಮನ್ ಆಗಿದ್ದರು. ಅರಸೀಕೆರೆ, ಬೀರೂರು ಕಡೆ ವೈಪಿ ಅನ್ನುವ ಪ್ಯಾಸೆಂಜರ್ ಹಬೆ ಇಂಜಿನ್‌ಗೆ ವರ್ಷಗಟ್ಟಲೆ ಕಲ್ಲಿದ್ದಲು ಹಾಕಿದವರು. ಈಗ 81 ವರ್ಷ. ಅವರಿಗೆ ಕೊಡಬೇಕು ಅಂತ ಎರಡು ವರ್ಷ ದುಡ್ಡು ಕೂಡಿಟ್ಟು, ಕೈಯಲ್ಲಿ ಮಾದರಿ ಮಾಡುವ ಒಬ್ಬರಿಂದ ವೈಪಿ ಮಾಡಿಸಿದೆ. ಎಚ್‌ಓ ಅಳತೆ, ಅಂದರೆ 87ರಲ್ಲಿ ಒಂದು ಪಾಲು. ಹಿತ್ತಾಳೆ ಮೈ, ರೆಸಿನ್ ಪ್ರಿಂಟ್ ಮಾಡಿದ ಸಣ್ಣ ಭಾಗಗಳು, 12 ಮಿ.ಮೀ. ಹಳಿ ಮೇಲೆ ಓಡುತ್ತದೆ. ಕೆಲಸ ತುಂಬ ನಾಜೂಕು. ಬಾಯ್ಲರ್ ಮೇಲಿನ ಪೈಪು, ದೀಪ, ಕ್ಯಾಬ್ ಒಳಗಿನ ಹಿಡಿಕೆಗಳು, ಟೆಂಡರ್‌ನಲ್ಲಿ (ಇಂಜಿನ್ ಹಿಂದಿನ ಕಲ್ಲಿದ್ದಲು, ನೀರಿನ ಗಾಡಿ) ನಿಜವಾದ ಕಲ್ಲಿದ್ದಲಿನ ಪುಡಿ, ಎಲ್ಲ ಇದೆ.

ಅಪ್ಪನ ಕೈಗೆ ಕೊಟ್ಟೆ. ಬೆಳಕಿನ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ, "ಚೆನ್ನಾಗಿ ಮಾಡಿದಾರೆ ಕಣೋ. ಆದ್ರೆ ಇದು ನಮ್ಮ ವೈಪಿ ಅಲ್ಲ" ಅಂದರು. ಯಾಕೆ ಅಂತ ಕೇಳಿದರೆ ಹೇಳೋಕೆ ಆಗಲಿಲ್ಲ. "ನಿಂತಿರೋ ರೀತಿ ಬೇರೆ" ಅಂದರು, ಅಷ್ಟೇ.

ನನಗೆ ಕಣ್ಣಿಗೆ ಏನೂ ಕಾಣುತ್ತಿಲ್ಲ. ಒಂದು ಮಾದರಿ ಸರಿ ಇದೆಯೋ ಇಲ್ಲವೋ ಅಂತ ನೀವೆಲ್ಲ ಹೇಗೆ ನೋಡುತ್ತೀರಿ? ಎಲ್ಲಿಂದ ಶುರು ಮಾಡಬೇಕು?

ತಾಳಗುಪ್ಪ ಲೋಕಲ್:

ಅಣ್ಣ, ಮೊದಲು ಅಭಿನಂದನೆ. ಮೀಟರ್‌ಗೇಜ್ ಮಾದರಿ ಮಾಡುವವರು ಸಿಗುವುದೇ ಕಷ್ಟ.

ನಾನು ನೋಡುವ ಕ್ರಮ ಹೇಳುತ್ತೇನೆ. ಮೊದಲು ಗಾಲಿ ಎಣಿಸಿ. ವೈಪಿಗೆ ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು. 4-6-2. ಗೂಡ್ಸ್‌ಗೆ ಓಡುತ್ತಿದ್ದ ವೈಜಿ ಆದರೆ 2-8-2. ಆಮೇಲೆ ಮುಂದಿನ ಬಫರ್ ನೋಡಿ, ಗಾಡಿ ಗಾಡಿಗೆ ತಾಗುವ ಕಡೆ ಇರುವ ಗುದ್ದು ತಡೆ. ಮೀಟರ್‌ಗೇಜ್‌ಗೆ ನಡುವೆ ಒಂದೇ ಬಫರ್. ಬ್ರಾಡ್‌ಗೇಜ್ ಥರ ಎರಡು ಪಕ್ಕದಲ್ಲಿ ಎರಡು ಇದ್ದರೆ ಅಲ್ಲೇ ತಪ್ಪು.

ಮೂರನೆಯದು ಕೈಯಲ್ಲಿ ಹಿಡಿದುಕೊಳ್ಳುವ ಹಿಡಿಕೆ ಕಂಬಿ. ಅಗ್ಗದ ಮಾದರಿ ಗೊತ್ತಾಗುವುದೇ ಅದರಲ್ಲಿ. ನಿಜವಾದ ಕಂಬಿ ಹೆಚ್ಚೆಂದರೆ 32 ಮಿ.ಮೀ. ದಪ್ಪ. 87ರಿಂದ ಭಾಗಿಸಿ, 0.37 ಮಿ.ಮೀ. ಪ್ಲಾಸ್ಟಿಕ್‌ನಲ್ಲಿ 0.8 ಮಿ.ಮೀ. ಇಟ್ಟಿರುತ್ತಾರೆ. ಅದನ್ನು ದೊಡ್ಡದು ಮಾಡಿದರೆ 70 ಮಿ.ಮೀ. ಪೈಪು! ಡ್ರೈವರ್ ಕೈಗೆ ಹಿಡಿಯೋಕೂ ಆಗಲ್ಲ.

ಎರಡೂ ಪಕ್ಕದಿಂದ ನೇರ ಫೋಟೋ ಹಾಕಿ.

ಸಾಗರದ ಉಳಿ:

ನಾನು ರೈಲು ಮಾದರಿ ಮಾಡುವವನಲ್ಲ. ನಮ್ಮದು ಗುಡಿಗಾರರ ಮನೆ, ಮರದ ಕೆತ್ತನೆ. ಆದರೆ ನಿಮ್ಮ ಅಪ್ಪ ಹೇಳಿದ ಮಾತು ಓದಿ ಉತ್ತರ ಬರೆಯದೆ ಇರೋಕೆ ಆಗಲಿಲ್ಲ.

ನಮ್ಮಲ್ಲಿ ಮೂರ್ತಿಗೆ ತಾಳದ ಲೆಕ್ಕ ಇದೆ. ಮುಖದ ಉದ್ದ ಒಂದು ತಾಳ. ದೇವರ ಮೂರ್ತಿ ನವತಾಳ ಅಂದರೆ ಪೂರ್ತಿ ಎತ್ತರ ಅಂಥ ಒಂಬತ್ತು. ಮರದ ತುಂಡಿನ ಮೇಲೆ ಮೊದಲು ಈ ಗೆರೆಗಳು. ಒಡವೆ, ಕಿರೀಟದ ಹೂವು, ಬೆರಳಿನ ಉಗುರು ಎಲ್ಲ ಕೊನೆಗೆ. ಮೊಣಕಾಲು ಅರ್ಧ ಬೆರಳು ಕೆಳಗೆ ಬಿತ್ತು ಅನ್ನಿ. ಎಷ್ಟು ಚೆಂದದ ಒಡವೆ ಕೆತ್ತಿದರೂ ಮೂರ್ತಿ ನಿಲ್ಲುವುದಿಲ್ಲ. ನೋಡಿದವರಿಗೆ ಯಾಕೆ ಅಂತ ಗೊತ್ತಾಗಲ್ಲ, ಆದರೆ ಮನಸ್ಸಿಗೆ ಹಿಡಿಸಲ್ಲ.

ನಿಮ್ಮ ಅಪ್ಪ "ನಿಂತಿರೋ ರೀತಿ" ಅಂದರಲ್ಲ. ಅದು ಒಡವೆಯ ಮಾತಲ್ಲ, ಅಳತೆಯ ಮಾತು. ಪೈಪು ದೀಪ ಬಿಡಿ. ದೊಡ್ಡ ಅಳತೆಗಳನ್ನು ನೋಡಿ.

ಬೀರೂರು ಪ್ಯಾಸೆಂಜರ್:

ತಾಳಗುಪ್ಪ ಲೋಕಲ್, ಗಾಲಿಯ ಲೆಕ್ಕ ಸರಿ ಇದೆ, 4-6-2. ನಡುವೆ ಒಂದೇ ಬಫರ್. ಹಿಡಿಕೆ ಕಂಬಿ 0.4 ಮಿ.ಮೀ. ತಂತಿ. ಫೋಟೋ ಹಾಕಿದ್ದೇನೆ.

ಉಳಿ ಅವರೇ, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. "ಹೌದು, ಸರಿಯಾಗಿ ಹೇಳಿದಾರೆ" ಅಂದರು.

ಮಲೆನಾಡ ಮೇಷ್ಟ್ರು:

ಫೋಟೋ ನೋಡಿದೆ. ಒಂದು ತಪ್ಪು ತಕ್ಷಣ ಕಂಡಿತು. ಟೆಂಡರ್ ಪಕ್ಕದಲ್ಲಿ ನೈಋತ್ಯ ರೈಲ್ವೆಯ ಅಕ್ಷರ ಬರೆದಿದ್ದಾರೆ. ನೈಋತ್ಯ ರೈಲ್ವೆ ಶುರುವಾದದ್ದು 2003ರಲ್ಲಿ. ಆ ಹೊತ್ತಿಗೆ ನಮ್ಮ ಕಡೆ ಹಬೆ ಇಂಜಿನ್ ನಿಂತು ಹೋಗಿತ್ತು. ನಿಮ್ಮ ಅಪ್ಪನ ಕಾಲದಲ್ಲಿ ಬೀರೂರು ದಕ್ಷಿಣ ರೈಲ್ವೆಗೆ ಸೇರಿತ್ತು. ಮಾಡಿದವರು ಈಗಿನ ನಕ್ಷೆ ನೋಡಿ ಬರೆದಿರಬೇಕು.

ನಿಜ ಹೇಳಬೇಕೆಂದರೆ ಬರೀ "ವೈಪಿ" ಅಂತ ಒಂದು ಇಂಜಿನ್ ಇಲ್ಲ. 1949ರಿಂದ 1970ರ ತನಕ 871 ವೈಪಿ ತಯಾರಾದವು. ಅಮೆರಿಕದ ಬಾಲ್ಡ್‌ವಿನ್, ಸ್ಕಾಟ್ಲೆಂಡಿನ ನಾರ್ತ್ ಬ್ರಿಟಿಷ್, ಜರ್ಮನಿಯ ಕ್ರೌಸ್ ಮಾಫೈ, ನಮ್ಮ ಜಮ್ಶೆಡ್‌ಪುರದ ಟೆಲ್ಕೊ, ಎಲ್ಲರೂ ಮಾಡಿದ್ದಾರೆ. ಒಂದೇ ಇಂಜಿನ್ ಕೂಡ ಹತ್ತು ವರ್ಷದಲ್ಲಿ ಬದಲಾಗುತ್ತದೆ. ದೀಪ ಬದಲಾಗುತ್ತದೆ, ಶೆಡ್ ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ. ಅದಕ್ಕೆ ನಾನು ಮೊದಲು ಕೇಳುವ ಪ್ರಶ್ನೆ ಇದು: ಯಾವ ನಂಬರಿನ ಇಂಜಿನ್, ಯಾವ ವರ್ಷ? ಈ ಎರಡು ಗೊತ್ತಿಲ್ಲದೆ ಯಾವುದನ್ನು ಯಾವುದರ ಜೊತೆ ಹೋಲಿಸೋದು?

ಅಮೆರಿಕದಲ್ಲಿ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಅಂತ 1935ರಲ್ಲಿ ಶುರುವಾದ ಸಂಘ ಇದೆ. ಅವರು ಅಂಕ ಕೊಡುವ ರೀತಿ ನನಗೆ ಇಷ್ಟ. ಒಟ್ಟು 125. ಕಟ್ಟಿದ ಕೆಲಸಕ್ಕೆ 40, ವಿವರಗಳಿಗೆ 20, ಅಸಲಿಗೆ ಎಷ್ಟು ಹೊಂದುತ್ತದೆ ಅನ್ನುವುದಕ್ಕೆ 25, ಬಣ್ಣ ಮತ್ತು ಅಕ್ಷರಕ್ಕೆ 25, ಎಲ್ಲವನ್ನೂ ಸ್ವಂತ ಕೈಯಿಂದ ಮಾಡಿದ್ದರೆ ಅದಕ್ಕೆ 15. ಮೆರಿಟ್ ಪ್ರಶಸ್ತಿ ಬೇಕಾದರೆ 87.5 ಬರಬೇಕು. ವಿವರಕ್ಕಿಂತ ಹೊಂದಾಣಿಕೆಗೆ ಐದು ಅಂಕ ಜಾಸ್ತಿ, ನೋಡಿ. ಹೊಂದುತ್ತದೆ ಅಂತ ತೋರಿಸುವ ಭಾರ ಮಾಡಿದವರ ಮೇಲೆಯೇ. ಫೋಟೋ, ನಕ್ಷೆ ತಂದು ಪಕ್ಕದಲ್ಲಿ ಇಡಬೇಕು.

ಬೀರೂರು ಪ್ಯಾಸೆಂಜರ್:

ಮೇಷ್ಟ್ರೇ, ಟೆಂಡರ್ ಅಕ್ಷರ ನನಗೆ ಹೊಳೆದೇ ಇರಲಿಲ್ಲ. ಅದನ್ನು ಖಂಡಿತ ಬದಲಾಯಿಸುತ್ತೇನೆ. ಆದರೆ ಅಪ್ಪನಿಗೆ ಈಗ ಕಣ್ಣು ಮಂಜು, ಆ ಅಕ್ಷರ ಓದೋಕೆ ಆಗಲ್ಲ. ಅವರು ಹೇಳಿದ್ದು ಅದಲ್ಲ.

ಆಗುಂಬೆ ಮಳೆ:

ನಾನು ತೀರ್ಥಹಳ್ಳಿಯವಳು. ಎನ್ ಅಳತೆಯಲ್ಲಿ ಮಾಡುತ್ತೇನೆ, 160ರಲ್ಲಿ ಒಂದು. ನನ್ನ ಇಂಜಿನ್‌ಗಳು ಬೆರಳುದ್ದ. ಅದಕ್ಕೆ "ಎಷ್ಟು ವಿವರ ಸಾಕು" ಅನ್ನುವ ಪ್ರಶ್ನೆ ನನಗೆ ದಿನಾ ಬರುತ್ತದೆ.

ಸಾಮಾನ್ಯ ಕಣ್ಣು ಒಂದು ಅಡಿ ದೂರದಲ್ಲಿ ಸುಮಾರು 0.09 ಮಿ.ಮೀ. ತನಕ ಬಿಡಿಸಿ ನೋಡಬಲ್ಲದು. ಎಚ್‌ಓ ಅಳತೆಯಲ್ಲಿ ಅದು ಅಸಲಿ ಇಂಜಿನ್‌ನ 8 ಮಿ.ಮೀ.ಗೆ ಸಮ. ಎನ್ ಅಳತೆಯಲ್ಲಿ 14 ಮಿ.ಮೀ. ಮೂರು ಅಡಿ ದೂರ ಹೋದರೆ ಮೂರು ಪಟ್ಟು. ಅಂದರೆ ಟೇಬಲ್ ಮೇಲೆ ಓಡುವ ಎಚ್‌ಓ ಇಂಜಿನ್‌ನಲ್ಲಿ ಒಂದು ಇಂಚಿಗಿಂತ ಸಣ್ಣ ವಿವರ ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಹೆಚ್ಚು ಕಡಿಮೆ ಒಂದೇ.

ಆದರೆ ಸಾಲು ತಪ್ಪಿದರೆ, ಎತ್ತರ ತಪ್ಪಿದರೆ, ಸಂದು ದೊಡ್ಡದಾದರೆ ಅದು ಹತ್ತು ಅಡಿಯಿಂದಲೂ ಕಾಣುತ್ತದೆ. ಅದಕ್ಕೆ ನಾನು ಮೂರು ಸಲ ನೋಡುತ್ತೇನೆ. ಮೊದಲು ಕೋಣೆಯ ಆ ಮೂಲೆಯಿಂದ. ಬರೀ ನೆರಳಿನ ಥರ ಕಾಣಬೇಕು. ಆಮೇಲೆ ಮೂರು ಅಡಿಯಿಂದ. ಕೊನೆಗೆ ಮಾತ್ರ ಕೈಗೆ ತೆಗೆದುಕೊಂಡು. ಕೈಗೆ ಮೊದಲೇ ತೆಗೆದುಕೊಂಡರೆ ರಿವೆಟ್ ನೋಡುತ್ತಾ ಇಂಜಿನ್ ನೋಡುವುದೇ ಮರೆತುಹೋಗುತ್ತದೆ.

ನಿಮ್ಮ ಅಪ್ಪನ ಕಣ್ಣು ಮಂಜಾದರೂ ತಪ್ಪು ಸಿಕ್ಕಿದೆ. ಹಾಗಾದರೆ ಅದು ದೊಡ್ಡ ತಪ್ಪೇ. ಸಣ್ಣದಲ್ಲಿ ಹುಡುಕಬೇಡಿ.

ಹಳಿಯ ಅಗಲ ಅನುಮಾನ ಬೇಡ. ಮೀಟರ್‌ಗೇಜ್ ಎಚ್‌ಓದಲ್ಲಿ 11.5 ಮಿ.ಮೀ. ಆಗಬೇಕು, ನಿಮ್ಮದು 12. ಅರ್ಧ ಮಿ.ಮೀ. ವ್ಯತ್ಯಾಸ ಪಕ್ಕದಿಂದ ಕಾಣುವುದೇ ಇಲ್ಲ.

ತಾಳಗುಪ್ಪ ಲೋಕಲ್:

ಮೀಟರ್‌ಗೇಜ್‌ನವರು ಅದೃಷ್ಟವಂತರು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಎಚ್‌ಓದಲ್ಲಿ 19.3 ಆಗಬೇಕು. ಆದರೆ ಅಂಗಡಿಯಲ್ಲಿ ಸಿಗುವ ಹಳಿ 16.5 ಮಾತ್ರ, ಅದು ಯುರೋಪು ಅಮೆರಿಕದ 1435 ಮಿ.ಮೀ. ಹಳಿಯ ಲೆಕ್ಕ. ಅದಕ್ಕೆ ನಮ್ಮ ಡಬ್ಲ್ಯೂಡಿಎಂ-2 ಡೀಸೆಲ್ ಇಂಜಿನ್‌ನ ಮಾದರಿಗಳನ್ನು ಎದುರಿನಿಂದ ನೋಡಿದರೆ ಕಾಲು ಒಟ್ಟಿಗೆ ಸೇರಿಸಿಕೊಂಡು ನಿಂತ ಹಾಗೆ ಕಾಣುತ್ತವೆ. ಸ್ವಂತ ಹಳಿ ಹಾಕಿಕೊಳ್ಳದಿದ್ದರೆ ಇದಕ್ಕೆ ದಾರಿಯಿಲ್ಲ. ನಾನು ಅದನ್ನು ತಪ್ಪು ಅಂತ ಲೆಕ್ಕ ಹಾಕುವುದಿಲ್ಲ. ಎಲ್ಲರಿಗೂ ಇರುವ ಕಷ್ಟ ಅದು.

ಆದರೆ ಬೋಗಿ, ಅಂದರೆ ಇಂಜಿನ್ ಕೆಳಗಿನ ಗಾಲಿಗಳ ಚೌಕಟ್ಟು, ತಪ್ಪಿದರೆ ನಾನು ಬಿಡಲ್ಲ. ಡಬ್ಲ್ಯೂಡಿಎಂ-2ರ ಬೋಗಿಯಲ್ಲಿ ಮೂರು ಆಕ್ಸಲ್‌ಗಳ ನಡುವಿನ ದೂರ ಸಮ ಇಲ್ಲ. ಒಂದು ಕಡೆ ಹತ್ತಿರ, ಇನ್ನೊಂದು ಕಡೆ ದೂರ. ಬೇರೆ ಇಂಜಿನ್‌ನ ಚಾಸಿ ತಂದು ಮೇಲೆ ಡಬ್ಲ್ಯೂಡಿಎಂ-2 ಮೈ ಕೂರಿಸಿದರೆ ಮೂರು ಆಕ್ಸಲ್ ಸಮನಾಗಿ ನಿಂತುಬಿಡುತ್ತವೆ. ಬಣ್ಣ ಎಷ್ಟೇ ಚೆನ್ನಾಗಿರಲಿ, ನನಗೆ ಅದು ಡಬ್ಲ್ಯೂಡಿಎಂ-2 ಅಲ್ಲವೇ ಅಲ್ಲ.

ಭದ್ರಾವತಿ ಪ್ಯಾಟರ್ನ್:

ತಾಳಗುಪ್ಪದ ಹುಡುಗ ಚಾಸಿ ವಿಚಾರ ತೆಗೆದದ್ದು ಒಳ್ಳೆಯದಾಯಿತು. ನಾನು 34 ವರ್ಷ ಎರಕಕ್ಕೆ ಮರದ ಪ್ಯಾಟರ್ನ್, ಅಂದರೆ ಅಚ್ಚು ತೆಗೆಯುವ ಮರದ ಮಾದರಿ, ಮಾಡಿದವನು. ಅಳತೆ ಬಿಟ್ಟು ಬೇರೆ ಮಾತಾಡೋಕೆ ನನಗೆ ಬರಲ್ಲ.

ವೈಪಿಯ ದೊಡ್ಡ ಗಾಲಿ 4 ಅಡಿ 6 ಇಂಚು, 1372 ಮಿ.ಮೀ. ಪ್ಯಾಸೆಂಜರ್ ಗಾಡಿ, ವೇಗ ಬೇಕು, ಅದಕ್ಕೆ ದೊಡ್ಡ ಗಾಲಿ. ವೈಜಿಯದು 4 ಅಡಿ, 1219 ಮಿ.ಮೀ. ಗೂಡ್ಸ್ ಗಾಡಿ, ಎಳೆಯುವ ಬಲ ಬೇಕು, ಅದಕ್ಕೆ ಸಣ್ಣ ಗಾಲಿ. ಎಚ್‌ಓದಲ್ಲಿ ವೈಪಿಗೆ 15.8, ವೈಜಿಗೆ 14.0.

ವರ್ನಿಯರ್ (ಬಾಯಿಗೆ ಹಿಡಿದು ಸೂಕ್ಷ್ಮವಾಗಿ ಅಳೆಯುವ ಸಲಕರಣೆ) ಇದ್ದರೆ ಅಳೆದು ಹೇಳಿ. ಇಲ್ಲದಿದ್ದರೆ ನಮ್ಮ ಮನೆಗೆ ತನ್ನಿ.

ಬೀರೂರು ಪ್ಯಾಸೆಂಜರ್:

ಸರ್, ಪಕ್ಕದ ಬೀದಿಯ ಲೇತ್ ಅಂಗಡಿಯಿಂದ ವರ್ನಿಯರ್ ತಂದು ಈಗಷ್ಟೇ ಅಳೆದೆ. ಆರೂ ಗಾಲಿ 15.3 ಮಿ.ಮೀ. ನೀವು ಹೇಳಿದ 15.8ಕ್ಕೆ ಅರ್ಧ ಮಿ.ಮೀ. ಕಡಿಮೆ ಅಷ್ಟೇ. ಹಾಗಾದರೆ ಗಾಲಿ ಸರಿ ಇದೆ, ಅಲ್ವಾ?

ತಾಳಗುಪ್ಪ ಲೋಕಲ್:

ಅರ್ಧ ಮಿ.ಮೀ. ಬಿಟ್ಟುಬಿಡಿ ಅಣ್ಣ. ಬೇರೆ ಕಡೆ ಹುಡುಕೋಣ. ಬಾಯ್ಲರ್ ದಪ್ಪ ನೋಡಿ.

ಭದ್ರಾವತಿ ಪ್ಯಾಟರ್ನ್:

ತಡೀರಿ. ವರ್ನಿಯರ್‌ನ ಬಾಯಿ ಗಾಲಿಯ ಯಾವ ಜಾಗಕ್ಕೆ ಹಿಡಿದಿರಿ? ಹೊರ ಅಂಚಿಗೋ, ಹಳಿ ಮೇಲೆ ಉರುಳುವ ಜಾಗಕ್ಕೋ?

ಬೀರೂರು ಪ್ಯಾಸೆಂಜರ್:

ಹೊರ ಅಂಚಿಗೆ ಸರ್. ಅತಿ ಅಗಲ ಎಲ್ಲಿದೆಯೋ ಅಲ್ಲಿಗೆ.

ಭದ್ರಾವತಿ ಪ್ಯಾಟರ್ನ್:

ಅಲ್ಲೇ ಇದೆ ನೋಡಿ. ನೀವು ಅಳೆದದ್ದು ಫ್ಲೇಂಜ್ ಸೇರಿಸಿ. ಹಳಿಯ ಒಳಗೆ ಇಳಿಯುವ ಅಂಚು ಅದು. ಗಾಲಿಯ ಅಳತೆ ಅಂದರೆ ಯಾವಾಗಲೂ ಹಳಿ ಮೇಲೆ ಉರುಳುವ ಭಾಗದ ಅಳತೆ. ಅಲ್ಲಿ ಹಿಡಿದು ಇನ್ನೊಮ್ಮೆ ನೋಡಿ. ಅವಸರ ಬೇಡ. ಮೂರು ಸಲ ಅಳೆಯಿರಿ.

ಬೀರೂರು ಪ್ಯಾಸೆಂಜರ್:

14.0. ಮೂರು ಸಲವೂ 14.0.

ಸಾಗರದ ಉಳಿ:

ಸಿಕ್ಕಿತು.

ಭದ್ರಾವತಿ ಪ್ಯಾಟರ್ನ್:

ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಕಣ್ಣು ಮಂಜಲ್ಲ.

ಈಗ ವಿವರವಾಗಿ ಹೇಳುತ್ತೇನೆ, ಮುಂದೆ ಯಾರಿಗಾದರೂ ಉಪಯೋಗ ಆಗಬಹುದು. ಅಸಲಿ ಗಾಲಿಯ ಫ್ಲೇಂಜ್ 28 ಮಿ.ಮೀ. ಆಸುಪಾಸು ಎತ್ತರ. 87ರಿಂದ ಭಾಗಿಸಿದರೆ ಮೂರನೇ ಒಂದು ಮಿ.ಮೀ. ಅಷ್ಟು ಸಣ್ಣ ಫ್ಲೇಂಜ್ ಇಟ್ಟರೆ ನಮ್ಮ ಟೇಬಲ್ ಮೇಲಿನ ಹಳಿಯಲ್ಲಿ ಇಂಜಿನ್ ನಿಲ್ಲಲ್ಲ, ಜಾಯಿಂಟ್ ಬಂದಲ್ಲಿ ಹಾರಿ ಬೀಳುತ್ತದೆ. ಅದಕ್ಕೆ ಮೇಷ್ಟ್ರು ಹೇಳಿದ ಅಮೆರಿಕದ ಸಂಘದವರು ಫ್ಲೇಂಜ್‌ಗೆ 0.025 ಇಂಚು, ಅಂದರೆ 0.64 ಮಿ.ಮೀ. ಇಟ್ಟುಕೊಂಡಿದ್ದಾರೆ. ಸುಮಾರು ಎರಡು ಪಟ್ಟು. ನಿಮ್ಮ ಗಾಲಿಯಲ್ಲಿ ಮೇಲೆ ಕೆಳಗೆ ಸೇರಿ 1.3. 14.0ಕ್ಕೆ ಕೂಡಿಸಿ, 15.3. ನಿಮ್ಮ ಮೊದಲ ಅಳತೆ ಸರಿಯಾಗಿ ಬಂತಲ್ಲ.

ಈ ದೊಡ್ಡ ಫ್ಲೇಂಜ್‌ಗೆ ಜಾಗ ಬೇಕಲ್ಲ. ಅದಕ್ಕೆ ಒಳ್ಳೆಯ ಕೆಲಸಗಾರರು ಕೂಡ ಗಾಲಿಯನ್ನು ಸ್ವಲ್ಪ ಇಳಿಸುತ್ತಾರೆ. ಅಕ್ಕಪಕ್ಕದ ಗಾಲಿಗಳ ಫ್ಲೇಂಜ್ ಒಂದಕ್ಕೊಂದು ತಾಗಬಾರದು, ಮೇಲಿನ ತಟ್ಟೆಗೂ ತಾಗಬಾರದು. ಅಸಲಿಯಲ್ಲಿ ಫ್ಲೇಂಜ್ ಸೇರಿ ಎಷ್ಟು ಆಗುತ್ತಿತ್ತೋ ಅಷ್ಟಕ್ಕೇ ನಿಲ್ಲಿಸುತ್ತಾರೆ. ಆ ಲೆಕ್ಕದಲ್ಲಿ ವೈಪಿಗೆ 15.2 ಬರುತ್ತದೆ. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಅದು ಯೋಚನೆ ಮಾಡಿ ಬಿಟ್ಟುಕೊಟ್ಟದ್ದು. ಆದರೆ 14.0 ಅಂದರೆ 1.8 ಮಿ.ಮೀ. ಕಡಿಮೆ. ಅಸಲಿಯಲ್ಲಿ ಆರು ಇಂಚು! ಅದು ವೈಜಿಯ ಗಾಲಿ. ಎರಡೂ ಇಂಜಿನ್ ಒಂದೇ ಕಾಲದವು, ಮೈಕಟ್ಟು ಹತ್ತಿರ ಹತ್ತಿರ. ಮಾಡಿದವರ ಹತ್ತಿರ ವೈಜಿಗೆ ತಂದ ಗಾಲಿಗಳು ಇದ್ದಿರಬೇಕು, ಅದನ್ನೇ ಹಾಕಿದ್ದಾರೆ.

ಆಗುಂಬೆ ಮಳೆ:

ಸರ್, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ. ನಾನು ಇನ್ನೊಂದು ದಾರಿಯಿಂದ ತಾಳೆ ನೋಡಿದೆ. ವರ್ನಿಯರ್ ಇಲ್ಲದವರೂ ಇದನ್ನು ಮಾಡಬಹುದು.

ಅಸಲಿ ವೈಪಿಯ ನೇರ ಪಕ್ಕದ ಫೋಟೋ ಒಂದು ತೆಗೆದುಕೊಂಡೆ. ಹತ್ತಿರದಿಂದ ಮೊಬೈಲಲ್ಲಿ ತೆಗೆದದ್ದು ಬೇಡ, ನಡುವಿನ ಭಾಗ ಉಬ್ಬಿಕೊಂಡು ಕಾಣುತ್ತದೆ. ದೂರ ನಿಂತು ಜೂಮ್ ಮಾಡಿ ತೆಗೆದದ್ದು ಬೇಕು. ಅದರಲ್ಲಿ ಮೊದಲ ಮತ್ತು ಮೂರನೇ ದೊಡ್ಡ ಗಾಲಿಗಳ ನಡು ಬಿಂದುಗಳ ದೂರ ಅಳೆದೆ. ಆಮೇಲೆ ಗಾಲಿಯ ಅಗಲ ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸಿದೆ. ಇದು ಅನುಪಾತ ಮಾತ್ರ, ಫೋಟೋ ಎಷ್ಟೇ ದೊಡ್ಡದಿರಲಿ ಸಣ್ಣದಿರಲಿ ಬದಲಾಗಲ್ಲ. ಅದೇ ಅನುಪಾತವನ್ನು ನಿಮ್ಮ ಮಾದರಿಯ ಫೋಟೋಗೆ ಹಾಕಿದರೆ ಗಾಲಿ 15.6 ಇರಬೇಕು ಅಂತ ಬಂತು. ಸರ್ ಹೇಳಿದ ಲೆಕ್ಕದ ಹತ್ತಿರವೇ. ಆಕ್ಸಲ್‌ಗಳ ಜಾಗ ಸರಿ ಇದೆ, ಗಾಲಿ ಮಾತ್ರ ಸಣ್ಣದು.

ಎರಡೂ ಫೋಟೋ ಅಕ್ಕಪಕ್ಕ ಇಟ್ಟು ನೋಡಿ. ಅಸಲಿಯಲ್ಲಿ ಗಾಲಿಗಳು ಒತ್ತೊತ್ತಾಗಿ ಇವೆ. ಮಾದರಿಯಲ್ಲಿ ನಡುವೆ ಬೆಳಕು ಕಾಣುತ್ತದೆ. ಒಮ್ಮೆ ಕಂಡರೆ ಆಮೇಲೆ ಅದು ಬಿಟ್ಟು ಬೇರೆ ಕಾಣುವುದೇ ಇಲ್ಲ.

ತಾಳಗುಪ್ಪ ಲೋಕಲ್:

ನಾನು ಬಿಟ್ಟುಬಿಡಿ ಅಂದದ್ದು ತಪ್ಪಾಯಿತು. ಅಳೆಯುವ ಜಾಗ ಕೇಳಬೇಕಿತ್ತು.

ಆದರೂ ಒಂದು ಮಾತು. ಮಾಡಿದವರ ಬಗ್ಗೆ ನನಗೆ ಬೇಜಾರಿಲ್ಲ. ಮೀಟರ್‌ಗೇಜ್ ವೈಪಿಗೆ ರೆಡಿ ಗಾಲಿ ಎಲ್ಲಿ ಸಿಗುತ್ತದೆ? ಅವರು ಅಷ್ಟು ಪೈಪು, ಅಷ್ಟು ರಿವೆಟ್ ಕೈಯಲ್ಲಿ ಹಾಕಿದ್ದಾರೆ. ಒಂದು ಗಾಲಿಗೋಸ್ಕರ ಪೂರ್ತಿ ಕೆಲಸ ತಪ್ಪು ಅನ್ನುವುದು ನ್ಯಾಯ ಅಲ್ಲ.

ಸಾಗರದ ಉಳಿ:

ಪೂರ್ತಿ ತಪ್ಪು ಅಂತ ಯಾರೂ ಹೇಳಿಲ್ಲ ತಮ್ಮಾ. ಕೈಕೆಲಸ ಒಳ್ಳೆಯದು, ಅದು ನನಗೂ ಕಾಣುತ್ತದೆ. ಆದರೆ ಗಾಲಿ ಸಿಗದಿದ್ದರೆ ಒಂದು ಮಾತು ಹೇಳಬೇಕಿತ್ತು. "ಈ ಗಾಲಿ ಸಣ್ಣದು, ಇದೇ ಸಿಗೋದು, ಆಗಬಹುದಾ" ಅಂತ ಕೇಳಿದ್ದರೆ ಇವರೇ ಕಾಯುತ್ತಿದ್ದರು. ಶ್ರೀಗಂಧ ಸಿಗದಾಗ ನಾವು ಬೇರೆ ಮರ ಹಾಕುತ್ತೇವೆ. ಗಿರಾಕಿಗೆ ಹೇಳಿಯೇ ಹಾಕುತ್ತೇವೆ.

ಮಲೆನಾಡ ಮೇಷ್ಟ್ರು:

ಇದನ್ನು ಒಪ್ಪುತ್ತೇನೆ. ಅಂಕದ ಲೆಕ್ಕದಲ್ಲಿ ನೋಡಿದರೆ ಕಟ್ಟಿದ ಕೆಲಸಕ್ಕೆ ಮತ್ತು ವಿವರಕ್ಕೆ ನಾನು ಧಾರಾಳವಾಗಿ ಕೊಡುತ್ತೇನೆ. ಹೊಂದಾಣಿಕೆಯಲ್ಲಿ ಕಳೆಯುತ್ತೇನೆ, ಅಕ್ಷರದಲ್ಲೂ ಕಳೆಯುತ್ತೇನೆ.

ಅಸಲಿಯನ್ನು ಅಳೆಯಬೇಕು ಅನ್ನುವವರು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿ. 1979ರಿಂದ ಇದೆ. ಇಂಜಿನ್ ಪಕ್ಕ ನಿಂತು, ಕೈಯಲ್ಲಿ ಟೇಪು ಹಿಡಿದು ನೋಡುವುದಕ್ಕೂ ಪರದೆ ಮೇಲೆ ನೋಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಒಂದು ಸಲ ಪಕ್ಕದಲ್ಲಿ ನಿಂತವರಿಗೆ ಗಾತ್ರ ಮೈಗೆ ಗೊತ್ತಾಗುತ್ತದೆ.

ಬೀರೂರು ಪ್ಯಾಸೆಂಜರ್:

ಮೇಷ್ಟ್ರೇ, ನಿಮ್ಮ ಕೊನೆಯ ಮಾತು ಓದಿದ ಮೇಲೆ ನಿನ್ನೆ ರಾತ್ರಿ ಒಂದು ಕೆಲಸ ಮಾಡಿದೆ.

ಅಪ್ಪ ಚಿಕ್ಕ ವಯಸ್ಸಲ್ಲಿ 5 ಅಡಿ 5 ಇಂಚು ಇದ್ದರು. ಎಚ್‌ಓದಲ್ಲಿ 19 ಮಿ.ಮೀ. ನನ್ನ ಹತ್ತಿರ ಪ್ಲಾಟ್‌ಫಾರ್ಮ್ ಮೇಲೆ ಇಡುವ ಸಣ್ಣ ಗೊಂಬೆಗಳಿದ್ದವು. ಒಂದರ ಕಾಲಿನ ತಳ ಉಜ್ಜಿ 19ಕ್ಕೆ ತಂದು ದೊಡ್ಡ ಗಾಲಿಯ ಪಕ್ಕ ನಿಲ್ಲಿಸಿದೆ. ಅಪ್ಪನಿಗೆ ಏನೂ ಹೇಳಲಿಲ್ಲ. ಭೂತಗನ್ನಡಿ ಕೊಟ್ಟು, "ನೋಡಿ, ಇದು ನೀವು" ಅಂದೆ.

ನೋಡಿದ ತಕ್ಷಣ ಅಂದರು: "ಗಾಲಿ ಎದೆಗೆ ಬಂದಿದೆಯಲ್ಲೋ. ಹೆಗಲಿಗೆ ಬರಬೇಕು."

ಎದ್ದು ನಿಂತು ಕೈಯಲ್ಲಿ ತೋರಿಸಿದರು. ಶೆಡ್‌ನಲ್ಲಿ ನೆಲ ಹಳಿಯ ಮಟ್ಟಕ್ಕೇ ಇರುತ್ತಿತ್ತಂತೆ. ಎಣ್ಣೆ ಹಾಕುವಾಗ ವೈಪಿಯ ಗಾಲಿಯ ಮೇಲ್ತುದಿ ಸರಿಯಾಗಿ ಹೆಗಲಿಗೆ ಬರುತ್ತಿತ್ತಂತೆ. ವೈಜಿ ಆದರೆ ಅದರ ಮೇಲಿಂದ ಕೈ ಚಾಚಬಹುದಿತ್ತು. "ವೈಪಿಗೆ ಎಣ್ಣೆ ಹಾಕಿದ ದಿನ ಈ ಹೆಗಲಿನ ಅಂಗಿ ಯಾವಾಗಲೂ ಕರಿ. ನಿಮ್ಮಮ್ಮ ಬೈತಿದ್ಲು" ಅಂದರು. ಬಲಗಡೆ ಹೆಗಲು ಮುಟ್ಟಿ ತೋರಿಸಿದರು.

ಲೆಕ್ಕ ಹಾಕಿದೆ. 4 ಅಡಿ 6 ಇಂಚು, 5 ಅಡಿ 5 ಇಂಚಿನವರಿಗೆ ಹೆಗಲೇ. 4 ಅಡಿ ಎದೆಯೇ.

ಆಗುಂಬೆ ಮಳೆ:

ಇದನ್ನು ಓದಿ ಕಣ್ಣು ತುಂಬಿ ಬಂತು. ನಾನು ಇಷ್ಟು ದಿನ ಗೊಂಬೆಗಳನ್ನು ಕೊನೆಗೆ ಅಂಟಿಸುತ್ತಿದ್ದೆ. ಇನ್ನು ಮೇಲೆ ಮೊದಲು ಗೊಂಬೆ ನಿಲ್ಲಿಸಿ ಆಮೇಲೆ ಇಂಜಿನ್ ನೋಡುತ್ತೇನೆ. ಬಾಗಿಲು, ಮೆಟ್ಟಿಲು, ಹಿಡಿಕೆ, ಎಲ್ಲ ಮನುಷ್ಯನ ಅಳತೆಗೇ ಮಾಡಿದ್ದಲ್ವಾ.

ಅಪ್ಪ ಹೇಳುವುದನ್ನೆಲ್ಲ ದಯವಿಟ್ಟು ಬರೆದಿಡಿ. ಕ್ಯಾಬ್‌ನ ಮೆಟ್ಟಿಲು ಎಷ್ಟು ಎತ್ತರ, ಟೆಂಡರ್‌ನಿಂದ ಬೆಂಕಿ ಬಾಗಿಲಿಗೆ ಎಷ್ಟು ಹೆಜ್ಜೆ. ಅದು ಯಾವ ನಕ್ಷೆಯಲ್ಲೂ ಸಿಗಲ್ಲ.

ತಾಳಗುಪ್ಪ ಲೋಕಲ್:

ನಮ್ಮ ಅಜ್ಜನನ್ನು ಇವತ್ತೇ ಕೇಳುತ್ತೇನೆ. ತಾಳಗುಪ್ಪಕ್ಕೆ 1940ರಲ್ಲಿ ರೈಲು ಬಂದಾಗ ಹುಡುಗರಾಗಿದ್ದರು. ಆಮೇಲೆ ರೈಲ್‌ಬಸ್‌ನಲ್ಲೂ ಸಾಗರಕ್ಕೆ ಓಡಾಡಿದ್ದಾರೆ. ನಾನು ರೈಲ್‌ಬಸ್ ಮಾದರಿ ಮಾಡಬೇಕು ಅಂತ ಎಷ್ಟೋ ದಿನದಿಂದ ಫೋಟೋ ಹುಡುಕುತ್ತಿದ್ದೆ. ಮನೆಯಲ್ಲೇ ಕೇಳಬಹುದು ಅಂತ ಹೊಳೆದಿರಲಿಲ್ಲ.

ಬೀರೂರು ಪ್ಯಾಸೆಂಜರ್:

ಈಗ ಮುಂದಿನ ಪ್ರಶ್ನೆ. ಇದನ್ನು ಸರಿ ಮಾಡಬಹುದಾ? ಮಾಡಿದವರಿಗೆ ಫೋನ್ ಮಾಡಿದೆ. ಒಪ್ಪಿಕೊಂಡರು, ಒಳ್ಳೆಯ ಮಾತಾಡಿದರು. ಆದರೆ ದೊಡ್ಡ ಗಾಲಿ ಲೇತ್‌ನಲ್ಲಿ ಕಡೆಯುವ ಸೌಕರ್ಯ ಅವರ ಹತ್ತಿರ ಇಲ್ಲವಂತೆ.

ಭದ್ರಾವತಿ ಪ್ಯಾಟರ್ನ್:

ಮಾಡಬಹುದು. ನನ್ನ ಹತ್ತಿರ ಸಣ್ಣ ಲೇತ್ ಇದೆ.

ಉರುಳುವ ಜಾಗ 15.2 ಇಡೋಣ. ಪೂರ್ತಿ 15.8 ಇಟ್ಟರೆ ಫ್ಲೇಂಜ್ ಒಂದಕ್ಕೊಂದು ತಾಗುವ ಅಪಾಯ ಇದೆ. ಪಿಸ್ಟನ್ ಓಡಾಟ ಅಸಲಿಯಲ್ಲಿ 24 ಇಂಚು, ಅಂದರೆ ಗಾಲಿಗಳನ್ನು ತಿರುಗಿಸುವ ರಾಡ್ ಸಿಕ್ಕಿಸುವ ಪಿನ್ ಗಾಲಿಯ ನಡುವಿನಿಂದ 12 ಇಂಚು ದೂರ. ಎಚ್‌ಓದಲ್ಲಿ 3.5 ಮಿ.ಮೀ. ಈಗಿನ ಗಾಲಿಯಲ್ಲಿ ಅದು ಎಷ್ಟಿದೆ ಅಂತ ಅಳೆದು ತನ್ನಿ. ಆರರಲ್ಲೂ ಕೂದಲೆಳೆ ವ್ಯತ್ಯಾಸ ಇಲ್ಲದ ಹಾಗೆ ಬರಬೇಕು, ಇಲ್ಲದಿದ್ದರೆ ರಾಡ್ ಹಿಡಿದುಕೊಳ್ಳುತ್ತದೆ.

ಕಡ್ಡಿಗಳಿರುವ ನಡುಭಾಗವನ್ನು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸೋಣ. ಹಿತ್ತಾಳೆ ಆರುವಾಗ ನೂರಕ್ಕೆ ಒಂದೂವರೆ ಕುಗ್ಗುತ್ತದೆ. ಅಷ್ಟು ದೊಡ್ಡದಾಗಿ ರೆಸಿನ್ ಅಚ್ಚು ಮಾಡಬೇಕು. ಅದನ್ನು ತೀರ್ಥಹಳ್ಳಿ ತಂಗಿ ಪ್ರಿಂಟ್ ಮಾಡಿಕೊಡುತ್ತಾಳೋ ಕೇಳಿ. ಕಡ್ಡಿ ಎಷ್ಟು ಅಂತ ಅವಳ ಹತ್ತಿರ ಇರುವ ಫೋಟೋದಿಂದಲೇ ಎಣಿಸಲಿ, ಈಗಿನ ಗಾಲಿಯಿಂದ ಬೇಡ.

ಗಾಲಿ ದೊಡ್ಡದಾದರೆ ಇಂಜಿನ್ 0.6 ಮಿ.ಮೀ. ಮೇಲೆ ಏಳುತ್ತದೆ. ಫೋಟೋ ನೋಡಿದರೆ ಈಗ ಅದು ಕೆಳಗೇ ಕೂತಿದೆ, ಹಾಗಾಗಿ ಏಳುವುದು ಒಳ್ಳೆಯದೇ. ಆದರೆ ಮುಂದಿನ ಬೋಗಿಗೂ ಹಿಂದಿನ ಸಣ್ಣ ಗಾಲಿಗೂ ತೆಳ್ಳಗಿನ ವಾಷರ್ ಹಾಕಬೇಕು. ಟೆಂಡರ್‌ನ ಎತ್ತರ ಇಂಜಿನ್‌ಗೆ ಹೊಂದುತ್ತದಾ ಅಂತಲೂ ನೋಡಬೇಕು.

ಆಗುಂಬೆ ಮಳೆ:

ಖಂಡಿತ ಮಾಡಿಕೊಡುತ್ತೇನೆ ಸರ್. ಮಳೆಗಾಲದಲ್ಲಿ ನಮ್ಮ ಕಡೆ ತೇವ ಜಾಸ್ತಿ, ರೆಸಿನ್ ಸರಿಯಾಗಿ ಗಟ್ಟಿಯಾಗದೆ ಎರಡು ಸಲ ಹಾಳಾಗಿದೆ. ಅದಕ್ಕೆ ಎಂಟು ಪ್ರಿಂಟ್ ಮಾಡುತ್ತೇನೆ, ಒಳ್ಳೆಯ ಆರು ಆರಿಸಿಕೊಳ್ಳಿ. ನೂರಕ್ಕೆ ಒಂದೂವರೆ ಸೇರಿಸುತ್ತೇನೆ. ಕಡ್ಡಿ ಎಣಿಸಿ ನಾಳೆ ಬರೆಯುತ್ತೇನೆ.

ಮಲೆನಾಡ ಮೇಷ್ಟ್ರು:

ಟೆಂಡರ್ ಅಕ್ಷರ ನನಗೆ ಬಿಡಿ. ಯಾವ ನಂಬರ್ ಹಾಕಬೇಕು ಅಂತ ಅಪ್ಪನನ್ನು ಕೇಳಿದಿರಾ?

ಬೀರೂರು ಪ್ಯಾಸೆಂಜರ್:

ಕೇಳಿದೆ. ಎರಡು ನಂಬರ್ ಹೇಳಿದರು. ಯಾವುದು ಅಂತ ಇನ್ನೂ ಯೋಚನೆ ಮಾಡುತ್ತಿದ್ದಾರೆ. ಒಂದು ಹಬೆ ಚೆನ್ನಾಗಿ ಕಟ್ಟುತ್ತಿತ್ತಂತೆ. ಇನ್ನೊಂದು ಬಹಳ ಕಾಡುತ್ತಿತ್ತಂತೆ, ಆದರೆ ಮದುವೆಯಾದ ವರ್ಷ ಅದರ ಮೇಲೇ ಇದ್ದರಂತೆ.

ಭದ್ರಾವತಿ ಪ್ಯಾಟರ್ನ್:

ಭಾನುವಾರ ಬನ್ನಿ. ಟೆಂಡರ್ ಕೂಡ ತನ್ನಿ. ಅಪ್ಪನಿಗೆ ಪ್ರಯಾಣ ಆಗುತ್ತದೆ ಅಂದರೆ ಅವರನ್ನೂ ಕರೆದುಕೊಂಡು ಬನ್ನಿ, ಊಟ ನಮ್ಮ ಮನೆಯಲ್ಲೇ. ಗೊಂಬೆ ಮರೆಯಬೇಡಿ.